ಹಿಂದಿನ ಆಕ್ಸಲ್‌ಗೆ ಲಾಕರ್: ಈಗಿರುವ ಕ್ರೌನ್-ಪಿನಿಯನ್ ಅದರ ಮೇಲೆ ಕೂರುತ್ತದೆಯೇ?

ಬಸವನಗುಡಿ_ಪಿಕಪ್

ಎಲ್ಲರಿಗೂ ನಮಸ್ಕಾರ. ಜೀಪಿನ ಚಾಸಿಯ ಮೇಲೆ ಕಟ್ಟಿದ, ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಹಳೆಯ ಡೀಸೆಲ್ ಪಿಕಪ್ ನನ್ನ ಬಳಿ ಇದೆ. ಬೆಂಗಳೂರಿನಲ್ಲಿ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. ರಜೆ ಬಂದಾಗ ಸಕಲೇಶಪುರದ ಕಡೆಯ ತೋಟಕ್ಕೆ ಗೊಬ್ಬರ, ಪೈಪು, ಸಿಮೆಂಟು ಹೊತ್ತು ಹೋಗುತ್ತದೆ. ಮಳೆಗಾಲದ ಏರಿನಲ್ಲಿ ಹಿಂದಿನ ಒಂದು ಚಕ್ರ ಕೆಸರಿನಲ್ಲಿ ಸುತ್ತುತ್ತಿದ್ದರೆ ಇನ್ನೊಂದು ಅಲುಗಾಡದೆ ನಿಲ್ಲುತ್ತದೆ. ಆದ್ದರಿಂದ ಹಿಂದಿನ ಆಕ್ಸಲ್‌ಗೆ ಲಾಕರ್, ಅಂದರೆ ಎಡ-ಬಲ ಚಕ್ರಗಳು ಒಟ್ಟಿಗೇ ತಿರುಗುವಂತೆ ಬೀಗ ಹಾಕುವ ಸಾಧನ, ಹಾಕಿಸಬೇಕೆಂದಿದ್ದೇನೆ.

ಅಮೆರಿಕದಲ್ಲಿರುವ ಸಂಬಂಧಿಕರು ತಮ್ಮ ಗಾಡಿಯಿಂದ ಬಿಚ್ಚಿದ ಏರ್ ಲಾಕರ್ (ಗಾಳಿಯ ಒತ್ತಡದಿಂದ ಬೀಗ ಹಾಕುವಂಥದ್ದು) ಒಂದನ್ನು ತಂದುಕೊಟ್ಟಿದ್ದಾರೆ. ಪೆಟ್ಟಿಗೆಯ ಮೇಲೆ ಡಾನಾ 44, 30 ಸ್ಪ್ಲೈನ್, ಅನುಪಾತ 3.73 ಮತ್ತು ಅದಕ್ಕಿಂತ ಕಡಿಮೆ ಎಂದು ಬರೆದಿದೆ. ಡಾನಾ 44 ಎಂಬುದು ಆಕ್ಸಲಿನ ಒಂದು ಮಾದರಿ, ಸ್ಪ್ಲೈನ್ ಎಂದರೆ ಶಾಫ್ಟಿನ ತುದಿಯ ಉದ್ದುದ್ದ ಹಲ್ಲು. ನನ್ನ ಆಕ್ಸಲ್ ಕೂಡ ಡಾನಾ 44 ಮಾದರಿಯದೇ ಎಂದು ಕೊಟ್ಟವರು ಹೇಳಿದ್ದರು. ಹಲ್ಲು ಎಣಿಸಿದಾಗ ಆಕ್ಸಲಿನೊಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನಿನಲ್ಲಿ 43, ಅದನ್ನು ತಿರುಗಿಸುವ ಸಣ್ಣ ಟೇಲ್ ಪಿನಿಯನ್ನಿನಲ್ಲಿ 8 ಬಂದವು. ಅಂದರೆ ಅನುಪಾತ 5.38.

ಜೆ.ಸಿ. ರಸ್ತೆಯ ಹತ್ತಿರದ ಒಬ್ಬ ಮೆಕ್ಯಾನಿಕ್, ಎರಡೂ ನಲವತ್ನಾಲ್ಕೇ, ಎರಡರಲ್ಲೂ ಹತ್ತೇ ಬೋಲ್ಟು, ಕ್ರೌನ್ ಬಿಚ್ಚಿ ಇದರ ಮೇಲೆ ಕೂರಿಸಿದರೆ ಕೆಲಸ ಮುಗಿಯಿತು ಎನ್ನುತ್ತಾರೆ. ಇನ್ನೊಬ್ಬರು ಕೇಜನ್ನು (ಕ್ರೌನನ್ನು ಬಿಗಿಯುವ ಚೌಕಟ್ಟು) ನೋಡುತ್ತಲೇ ಆಗದು ಎಂದರು, ಆದರೆ ಏಕೆ ಎಂದು ಬಿಡಿಸಿ ಹೇಳಲಿಲ್ಲ. ಯಾರ ಮಾತು ಸರಿ? ಹೊಂದದಿದ್ದರೆ ನಡುವೆ ಸ್ಪೇಸರ್ (ಅಂತರ ತುಂಬುವ ಬಳೆ) ಹಾಕಬಹುದೇ, ಅಥವಾ ಕ್ರೌನ್-ಪಿನಿಯನ್ ಜೋಡಿಯನ್ನೇ ಬದಲಿಸಬೇಕೇ?

ಪೀಣ್ಯ_ಗೇರು

ಎರಡನೆಯವರ ಮಾತು ಸರಿ. ಕಾರಣವನ್ನು ನಾನು ಹೇಳುತ್ತೇನೆ.

ಕ್ರೌನಿನ ವ್ಯಾಸ ಒಂದೇ ಆಗಿದ್ದು ಅನುಪಾತ ಹೆಚ್ಚಾಗಬೇಕಾದರೆ ಪಿನಿಯನ್‌ನ ಹಲ್ಲುಗಳು ಕಡಿಮೆಯಾಗಬೇಕು, ಹಲ್ಲು ಕಡಿಮೆಯಾದರೆ ಪಿನಿಯನ್‌ನ ತಲೆ ಸಣ್ಣದಾಗುತ್ತದೆ. ಡಾನಾ 44ರ ಕ್ರೌನ್ ಸುಮಾರು ಎಂಟೂವರೆ ಇಂಚು. 11 ಹಲ್ಲಿನ ಪಿನಿಯನ್ ದಪ್ಪಗಿದ್ದು ಕ್ರೌನನ್ನು ತಾನೇ ಮುಟ್ಟುತ್ತದೆ. 8 ಹಲ್ಲಿನ ಪಿನಿಯನ್ ಸಣಕಲು, ಅದನ್ನು ಮುಟ್ಟಲು ಕ್ರೌನೇ ಪಿನಿಯನ್‌ನ ನಡುಗೆರೆಯ ಕಡೆಗೆ ಸರಿದು ಬರಬೇಕು. ಈ ಸರಿತವನ್ನು ಶಿಮ್‌ಗಳಿಂದ (ತೆಳು ಲೋಹದ ಬಿಲ್ಲೆಗಳಿಂದ) ತುಂಬಲಾಗದು, ಏಕೆಂದರೆ ಶಿಮ್‌ಗಳು ಇರುವುದು ಮಿಲಿಮೀಟರಿನ ಭಾಗಗಳನ್ನು ಹೊಂದಿಸುವುದಕ್ಕೆ. ಆದ್ದರಿಂದ ತಯಾರಕರು ಎರಡು ಬಗೆಯ ಕೇಜ್ ಮಾಡಿದರು: 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು, 3.92 ಮತ್ತು ಅದಕ್ಕಿಂತ ಹೆಚ್ಚಿಗೆ ಇನ್ನೊಂದು. ಎರಡರಲ್ಲೂ ಬೋಲ್ಟುಗಳು ಹತ್ತೇ, ಬೋಲ್ಟುಗಳ ವೃತ್ತವೂ ಒಂದೇ. ಬೇರೆಯಾಗಿರುವುದು ಕ್ರೌನ್ ಕೂರುವ ಮುಖ ಬೇರಿಂಗಿನಿಂದ ಎಷ್ಟು ದೂರದಲ್ಲಿದೆ ಎಂಬುದು. ಪೂರ್ಣ ಕೇಜಿನ ಲಾಕರ್ ಎಂದರೆ ಹೊಸ ಕೇಜ್ ಎಂದೇ ಅರ್ಥ, ಹಾಗಾಗಿ ಲಾಕರುಗಳೂ ಇದೇ ಎರಡು ಬಗೆಯಲ್ಲಿ ಬರುತ್ತವೆ.

ನಿಮ್ಮ 43 ಹಲ್ಲಿನ ಕ್ರೌನನ್ನು ಆ ಲಾಕರಿನ ಮೇಲೆ ಬಿಗಿದರೆ ಬೋಲ್ಟುಗಳೆಲ್ಲ ಸಲೀಸಾಗಿ ಕೂರುತ್ತವೆ, ಕೇಜ್ ಕೂಡ ಹೌಸಿಂಗಿನೊಳಗೆ, ಅಂದರೆ ಆಕ್ಸಲಿನ ಹೊರಕವಚದೊಳಗೆ, ಹೋಗುತ್ತದೆ. ಪಿನಿಯನ್ ಮಾತ್ರ ಕ್ರೌನನ್ನು ಮುಟ್ಟುವುದಿಲ್ಲ.

ಕೆಸರುಪ್ರಿಯ

ಅದನ್ನು ಮಾರಿಬಿಡಿ, ನಿಮ್ಮ ಅನುಪಾತಕ್ಕೆ ತಕ್ಕುದನ್ನು ಕೊಳ್ಳಿ. ಇದರಲ್ಲಿ ಇಷ್ಟು ಉದ್ದದ ಚರ್ಚೆಗೆ ಏನಿದೆ?

ಹಳೆ_ಜೀಪು_ಹನುಮಂತನಗರ

ಚರ್ಚೆಗೆ ಬೇಕಾದಷ್ಟಿದೆ. ಬಂದರಿನ ಸುಂಕ ಕಟ್ಟಿ ಹೊಸ ಲಾಕರ್ ತರಿಸಿಕೊಂಡವರಿಗೆ ಅದು ಗೊತ್ತು.

ಮೊದಲ ಲೇಖನಕ್ಕೆ ಒಂದು ಎಚ್ಚರಿಕೆ. ಮಹೀಂದ್ರ 1947ರಿಂದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು, ಆ ವಂಶದ ಗಾಡಿಗಳೆಲ್ಲದರ ಹಿಂದಿನ ಆಕ್ಸಲನ್ನೂ ನಮ್ಮವರು ಒಂದೇ ಹೆಸರಿನಿಂದ ಕರೆಯುತ್ತಾರೆ. ಯುದ್ಧಕಾಲದ ವಿಲ್ಲಿಸ್ ಎಂಬಿಯಲ್ಲಿ 39ಕ್ಕೆ 8, ಅಂದರೆ 4.88 ಇತ್ತು, ಆನಂತರದ ನಾಗರಿಕ ಜೀಪಿಗೆ 43ಕ್ಕೆ 8, ಅಂದರೆ 5.38 ಬಂತು. ಮೂವತ್ತು, ನಲವತ್ತು ವರ್ಷ ಓಡಿದ ಗಾಡಿಯಲ್ಲಿ ಯಾರು ಯಾವಾಗ ಯಾವ ಹೌಸಿಂಗ್ ತಂದು ಕೂರಿಸಿದ್ದಾರೆಂದು ಹೇಳಲಾಗದು. ಶಿವಾಜಿನಗರದ ಗುಜರಿಯಲ್ಲಿ ಮೂರು ಗಾಡಿಗಳ ಭಾಗಗಳು ಸೇರಿ ಒಂದಾದ ಆಕ್ಸಲುಗಳನ್ನು ನಾನೇ ನೋಡಿದ್ದೇನೆ. ನೀವು ಹಲ್ಲು ಎಣಿಸಿದ್ದು ಒಳ್ಳೆಯದಾಯಿತು, ಆದರೆ ಶಾಫ್ಟಿನ ಸ್ಪ್ಲೈನ್ ಎಣಿಸಿದಿರಾ? ಹಳೆಯ ಜೀಪುಗಳ ಶಾಫ್ಟುಗಳಲ್ಲಿ 10 ಸ್ಪ್ಲೈನೂ ಇದೆ, 19 ಸ್ಪ್ಲೈನೂ ಇದೆ. 30 ಬಂದದ್ದು ಆಮೇಲೆ. ಅನುಪಾತ ಹೊಂದಿದರೂ ಸ್ಪ್ಲೈನ್ ಹೊಂದದಿದ್ದರೆ ಶಾಫ್ಟು ಲಾಕರಿನೊಳಗೆ ಹೋಗುವುದೇ ಇಲ್ಲ.

ಕಲಾಸಿಪಾಳ್ಯ_ಸ್ಪೇರ್ಸ್

ಎಲ್ಲರೂ ಇಷ್ಟು ಹೆದರಿಸುವ ಅಗತ್ಯವಿಲ್ಲ. ಕ್ರೌನ್ ಮತ್ತು ಕೇಜಿನ ನಡುವೆ ಲೇತ್‌ನಲ್ಲಿ ತಿರುಗಿಸಿದ ಉಕ್ಕಿನ ಸ್ಪೇಸರ್ ಕೊಟ್ಟು, ಉದ್ದ ಬೋಲ್ಟು ಹಾಕಿ ಕಳುಹಿಸಿದ ಗಾಡಿಗಳು ಕೆಲಸ ಮಾಡುತ್ತಲೇ ಇವೆ. ಅಮೆರಿಕದವರೂ ಸ್ಪೇಸರ್ ಮಾರುತ್ತಾರೆ. ಬಡವರ ಗಾಡಿಗೆ ಬಡವರ ಪರಿಹಾರ ಬೇಕು.

ಪೀಣ್ಯ_ಗೇರು

ಮಾರುವುದು ನಿಜ. ಆದರೆ ಅದನ್ನು ಕೊಳ್ಳುವವರು ಹೆಚ್ಚಾಗಿ ಸಮತಟ್ಟು ರಸ್ತೆಯ ಗಾಡಿಯವರು. ಇಲ್ಲಿ ಕೇಳುತ್ತಿರುವುದು ಗೊಬ್ಬರ ಹೊತ್ತು ಏರು ಹತ್ತುವ, ಅದೂ ಲಾಕರ್ ಹಾಕಿದ ಗಾಡಿಯ ಬಗ್ಗೆ.

ಸ್ಪೇಸರ್ ಸೇರಿದಾಗ ಬಿಗಿ ಹಿಡಿಯಬೇಕಾದ ಮುಖಗಳು ಒಂದಿದ್ದಲ್ಲಿ ಎರಡಾಗುತ್ತವೆ. ಕ್ರೌನನ್ನು ನಿಜವಾಗಿ ಹಿಡಿದಿರುವುದು ಬೋಲ್ಟಿನ ಕಡ್ಡಿಯಲ್ಲ. ಬಿಗಿದಾಗ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆ ಮತ್ತು ಕೇಜಿನ ಕೊರಳಿನ ಮೇಲೆ ಕ್ರೌನ್ ಬಿಗಿಯಾಗಿ ಕೂರುವ ಕೂರಿಕೆ. ಸ್ಪೇಸರ್ ಆ ಕೊರಳಿನ ಎತ್ತರವನ್ನು ತಿಂದುಹಾಕುತ್ತದೆ. ಸ್ಪೇಸರಿನ ಎರಡು ಮುಖಗಳು ಒಂದಕ್ಕೊಂದು ಸಮಾಂತರವಾಗಿಲ್ಲದಿದ್ದರೆ ಕ್ರೌನ್ ಓಲಾಡುತ್ತದೆ, ಬೋಲ್ಟುಗಳ ಮೇಲೆ ಅಡ್ಡ ಬಲ ಬೀಳುತ್ತದೆ, ಕೊನೆಗೆ ಒಂದು ತುಂಡಾಗಿ ಪಿನಿಯನ್‌ನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಲೇತ್‌ನಲ್ಲಿ ತಿರುಗಿಸಿ, ಸರ್ಫೇಸ್ ಗ್ರೈಂಡಿಂಗ್ ಮಾಡದೆ ಕೊಟ್ಟ ಸ್ಪೇಸರನ್ನು ನಾನು ನನ್ನ ಗಾಡಿಗೆ ಹಾಕಲಾರೆ, ಬೇರೆಯವರಿಗೂ ಹಾಕಿಕೊಡಲಾರೆ.

ಇದಕ್ಕಿಂತ ಒಳ್ಳೆಯ ದಾರಿಯಿದೆ. ಕಡಿಮೆ ಅನುಪಾತದ ಕೇಜಿನ ಮೇಲೆ ಹೆಚ್ಚಿನ ಅನುಪಾತ ಕೂರಲೆಂದೇ ಬೆನ್ನು ದಪ್ಪಗಿರುವ ಕ್ರೌನುಗಳನ್ನು ಮಾಡುತ್ತಾರೆ. ಡಾನಾ 44ಕ್ಕೆ 4.56, 4.88ರಂತಹ ಅನುಪಾತಗಳಲ್ಲಿ ಅವು ದೊರೆಯುತ್ತವೆ. ಸ್ಪೇಸರ್ ಮಾಡುವ ಕೆಲಸವನ್ನೇ ಅಲ್ಲಿ ಕ್ರೌನಿನ ಸ್ವಂತ ಉಕ್ಕು ಮಾಡುತ್ತದೆ. ತಿರುಗುಮುರುಗಾದ ಸಂದರ್ಭಕ್ಕೆ, ಅಂದರೆ 3.92 ಮತ್ತು ಹೆಚ್ಚಿನ ಕೇಜಿನ ಮೇಲೆ 3.73ರ ಕ್ರೌನ್ ಕೂರಿಸುವುದಕ್ಕೆ, ಇಂತಹ ಉಪಾಯವಿಲ್ಲ. ಅಲ್ಲಿ ಕ್ರೌನ್ ದಪ್ಪ ಪಿನಿಯನ್‌ಗೆ ಮೊದಲೇ ತಾಗಿಬಿಡುತ್ತದೆ.

ಕಲಾಸಿಪಾಳ್ಯ_ಸ್ಪೇರ್ಸ್

ದಪ್ಪ ಕ್ರೌನ್ ನನ್ನ ಅಂಗಡಿಯ ಸಾಲಿನಲ್ಲಿ ಎಲ್ಲೂ ಸಿಗುವುದಿಲ್ಲ, ಅದನ್ನೂ ಹೊರಗಿನಿಂದಲೇ ತರಿಸಬೇಕು. ಹಾಗೆ ತರಿಸುವ ಹಣದಲ್ಲಿ ಸರಿಯಾದ ಲಾಕರನ್ನೇ ತರಿಸಬಹುದಲ್ಲವೇ? ಸ್ಪೇಸರ್ ಬೇಡವೆನ್ನುವವರು ಬೆಲೆಯನ್ನೂ ಹೇಳಬೇಕು.

ಲೆಕ್ಕದ_ಮೇಷ್ಟ್ರು

ಬೆಲೆಗಿಂತ ಮೊದಲು ಹಲ್ಲಿನ ಲೆಕ್ಕ ಮಾಡೋಣ. ದಪ್ಪ ಕ್ರೌನಿನ ದಾರಿ ಹಿಡಿದರೆ 5.38 ಬಿಟ್ಟು 4.88ಕ್ಕೆ ಬರಬೇಕಾಗುತ್ತದೆ ಎಂದುಕೊಳ್ಳಿ. ಟಯರಿನ ಹೊರವ್ಯಾಸ 74 ಸೆಂ.ಮೀ. ಎಂದು ಹಿಡಿದರೆ ಸುತ್ತಳತೆ ಸುಮಾರು 2.32 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 430 ಸುತ್ತು ತಿರುಗುತ್ತದೆ. ಟಾಪ್ ಗೇರ್ ನೇರ ಚಾಲನೆಯದಾದರೆ 5.38ರಲ್ಲಿ ಎಂಜಿನ್ ಸುಮಾರು 2,310 ಸುತ್ತಿನಲ್ಲಿರುತ್ತದೆ, 4.88ರಲ್ಲಿ ಸುಮಾರು 2,100ರಲ್ಲಿ, 3.73ರಲ್ಲಿ ಸುಮಾರು 1,600ರಲ್ಲಿ. ತುಮಕೂರು ರಸ್ತೆಯಲ್ಲಿ 4.88 ಹಿತವಾಗಿರುತ್ತದೆ. ತೋಟದ ಏರಿನಲ್ಲಿ ಮಾತ್ರ ಚಕ್ರಕ್ಕೆ ತಲುಪುವ ಬಲ ನೂರಕ್ಕೆ ಒಂಬತ್ತರಷ್ಟು ಕಡಿಮೆಯಾಗುತ್ತದೆ, ಭಾರ ಹೊತ್ತ ಹಳೆಯ ಡೀಸೆಲ್ ಎಂಜಿನ್‌ಗೆ ಅದು ತಿಳಿಯದೆ ಇರದು.

ಇದುವರೆಗೆ ಯಾರೂ ಎತ್ತದ ಮುಖ್ಯ ಸಂಗತಿ ಬೇರೆಯೇ ಇದೆ. ಹಿಂದಿನದನ್ನು 4.88 ಮಾಡಿ ಮುಂದಿನದನ್ನು 5.38ರಲ್ಲೇ ಬಿಟ್ಟರೆ, ನಾಲ್ಕು ಚಕ್ರಕ್ಕೆ ಹಾಕಿದ ಕ್ಷಣದಿಂದ ಮುಂದಿನ ಮತ್ತು ಹಿಂದಿನ ಆಕ್ಸಲುಗಳು ನೂರಕ್ಕೆ ಹತ್ತರಷ್ಟು ಬೇರೆ ವೇಗದಲ್ಲಿ ತಿರುಗಲು ಹೊಣಗುತ್ತವೆ. ಕೆಸರಿನಲ್ಲೂ ಅದು ಸಲ್ಲದು, ಗಟ್ಟಿ ನೆಲದಲ್ಲಂತೂ ಎರಡು ಆಕ್ಸಲುಗಳಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. 41ಕ್ಕೆ 10 ಮತ್ತು 37ಕ್ಕೆ 9, ಅಂದರೆ 4.10 ಮತ್ತು 4.11, ಒಟ್ಟಿಗೆ ಓಡುತ್ತವೆ. ಅಷ್ಟು ಅಲ್ಪ ವ್ಯತ್ಯಾಸ ಟಯರಿನ ಸವೆತದಲ್ಲೇ ಬರುತ್ತದೆ. 4.88 ಮತ್ತು 5.38 ಹಾಗಲ್ಲ. ಆದ್ದರಿಂದ ಹಿಂದಿನ ಅನುಪಾತ ಬದಲಿಸುವುದೆಂದರೆ ಮುಂದಿನದನ್ನೂ ಬದಲಿಸುವುದು ಎಂದು ತಿಳಿದು ಖರ್ಚು ಹಾಕಿರಿ. ಸ್ಪೀಡೋಮೀಟರಿನ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತಿದ್ದರೆ, ನೀವು ನಿಜವಾಗಿ 60ರಲ್ಲಿರುವಾಗ ಮುಳ್ಳು 54ರ ಆಸುಪಾಸಿನಲ್ಲಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಮೊದಲು ಅನುಪಾತ ತೀರ್ಮಾನವಾಗಬೇಕು, ಅನುಪಾತ ಕೇಜನ್ನು ತೀರ್ಮಾನಿಸಬೇಕು, ಕೇಜ್ ಲಾಕರನ್ನು. ಇಲ್ಲಿ ಉಚಿತವಾಗಿ ಬಂದ ಲಾಕರ್ ಎಲ್ಲವನ್ನೂ ತೀರ್ಮಾನಿಸಲು ಹೊರಟಿದೆ.

ಕೆಸರುಪ್ರಿಯ

ನಾನು ಒಂದು ಸಾಲಿನಲ್ಲಿ ಹೇಳಿದ್ದನ್ನೇ ಮೇಷ್ಟ್ರು ಮೂರು ಪರಿಚ್ಛೇದಗಳಲ್ಲಿ ಹೇಳಿದ್ದಾರೆ.

ನೆಲಮಂಗಲ_ಥಾರ್

ನನ್ನ ಥಾರ್‌ನಲ್ಲಿ ಕಾರ್ಖಾನೆಯಿಂದಲೇ ಹಿಂದಕ್ಕೆ ಈಟನ್‌ನ ಮೆಕ್ಯಾನಿಕಲ್ ಲಾಕರ್ ಬಂದಿದೆ. ಅದು ಬೇಕೆಂದಾಗ ಹಿಡಿಯುವುದಿಲ್ಲ, ಬೇಡವೆಂದಾಗ ಟಪ್ ಎಂದು ಹಿಡಿಯುತ್ತದೆ. ಅದನ್ನು ತೆಗೆದು ಏರ್ ಲಾಕರ್ ಹಾಕಿದರೆ ಇದೇ ಕೇಜಿನ ತೊಡಕು ನನಗೂ ಎದುರಾಗುತ್ತದೆಯೇ?

ಪೀಣ್ಯ_ಗೇರು

ಅದು ಹಿಡಿಯುವ ಬಗೆಯೇ ಹಾಗೆ. ಎಡ ಮತ್ತು ಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಸಣ್ಣ ಗವರ್ನರ್ ತೂಕಗಳು ಹೊರಕ್ಕೆ ಚಾಚಿ ಕೊಂಡಿಗೆ ಸಿಕ್ಕಿ, ಕ್ಯಾಮ್ ತಿರುಗಿ, ಕ್ಲಚ್ ತಟ್ಟೆಗಳನ್ನು ಒತ್ತಿ ಬೀಗ ಹಾಕುತ್ತವೆ. ಗಾಡಿ ಗಂಟೆಗೆ ಸುಮಾರು 30 ಕಿ.ಮೀ. ದಾಟಿದ ಮೇಲೆ ಬೀಗ ಬೀಳದಂತೆ ಇನ್ನೊಂದು ತೂಕ ತಡೆಯುತ್ತದೆ. ಏರಿನಲ್ಲಿ ಚಕ್ರ ನಿಧಾನವಾಗಿ ಜಾರುತ್ತಿದ್ದರೆ ಆ ನೂರು ಸುತ್ತಿನ ವ್ಯತ್ಯಾಸ ಬರುವುದಿಲ್ಲ. ಸ್ವಲ್ಪ ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಲು ಬಿಡಬೇಕು.

ಕೇಜಿನ ಪ್ರಶ್ನೆಗೆ ಬಂದರೆ, ಎಲ್ಲ ಆಕ್ಸಲುಗಳಲ್ಲೂ ಈ ವಿಭಜನೆಯಿಲ್ಲ. ಡಾನಾ 60ರಲ್ಲಿ ಗೆರೆ ಬೀಳುವುದು 4.10 ಮತ್ತು 4.56ರ ನಡುವೆ, ಫೋರ್ಡ್ 8.8ರಲ್ಲಿ ಗೆರೆಯೇ ಇಲ್ಲ, ಒಂದೇ ಕೇಜ್ ಎಲ್ಲ ಅನುಪಾತಗಳನ್ನೂ ಹೊರುತ್ತದೆ. ಡಾನಾ 44ರ ಸಂಖ್ಯೆಯನ್ನು ಬಾಯಿಪಾಠ ಮಾಡಿ ಬೇರೆ ಆಕ್ಸಲಿಗೆ ಅನ್ವಯಿಸಬೇಡಿ. ಲಾಕರ್ ಕೊಳ್ಳುವ ಮೊದಲು ನಿಮ್ಮ ಗಾಡಿಯ ವರ್ಷ, ಸ್ಪ್ಲೈನ್ ಮತ್ತು ಅನುಪಾತ ಬರೆದು ಲಾಕರ್ ತಯಾರಕರ ಪಟ್ಟಿಯಲ್ಲಿ ಹುಡುಕಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಜನ್ನು ಹೊರಗೆ ತೆಗೆದು ಅಳೆಯದೆ ಹಣ ಕೊಡಬೇಡಿ.

ಬಿಡದಿ_ಹೈಲಕ್ಸ್

ಟೊಯೋಟಾದ್ದೂ ಒಂದು ಮಾತು ಸೇರಿಸುತ್ತೇನೆ. ಹಳೆಯ ಎಂಟಿಂಚಿನ ಟೊಯೋಟಾ ಡಿಫರೆನ್ಶಿಯಲ್‌ನಲ್ಲಿ (ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಜೋಡಣೆ) ಕಾರ್ಖಾನೆಯ ಎಲೆಕ್ಟ್ರಿಕ್ ಲಾಕರ್ ಇರುವ ಗುಂಡಿಗೆಯೇ (ಕ್ರೌನ್-ಪಿನಿಯನ್ ಕೂರುವ ನಡುಭಾಗ) ಬೇರೆ, ಹೌಸಿಂಗ್ ಬೇರೆ, ಸ್ಟಡ್‌ಗಳ ಜಾಗವೂ ಬೇರೆ. ಅದನ್ನು ಸಾಮಾನ್ಯ ಹೌಸಿಂಗಿಗೆ ಕೂರಿಸಬೇಕಾದರೆ ಸ್ಟಡ್ ಸರಿಸಬೇಕು, ಹೌಸಿಂಗಿನ ಒಳಅಂಚನ್ನು ಉಜ್ಜಬೇಕು. ಇಲ್ಲಿ ಬಿಡದಿಯಲ್ಲೇ ತಯಾರಾಗುವ ಹೈಲಕ್ಸ್‌ನಲ್ಲಿ ಹಿಂದಿನ ಲಾಕರ್ ಕಾರ್ಖಾನೆಯಿಂದಲೇ ಬರುವುದರಿಂದ ಈ ಕುಸ್ತಿ ನನಗೆ ಬೇಕಾಗಲಿಲ್ಲ.

ಯಶವಂತಪುರ_ಟಿಪ್ಪರ್

ನಮ್ಮ ಹತ್ತು ಚಕ್ರದ ಟಿಪ್ಪರುಗಳಲ್ಲಿ ಲಾಕ್ ಸ್ವಿಚ್ ಇದ್ದೇ ಇರುತ್ತದೆ. ಇಷ್ಟೊಂದು ಲೆಕ್ಕ ಹಾಕುವ ಬದಲು ಅಂತಹದ್ದನ್ನು ತಂದು ಹಾಕಬಹುದಲ್ಲವೇ?

ಹಳೆ_ಜೀಪು_ಹನುಮಂತನಗರ

ಸ್ವಾಮಿ, ನಿಮ್ಮ ಟಿಪ್ಪರಿನ ಒಂದು ಕ್ರೌನಿನ ಭಾರಕ್ಕೆ ಈ ಪಿಕಪ್ಪಿನ ಆಕ್ಸಲೇ ಬಾಗೀತು. ಅಲ್ಲದೆ ಆ ಸ್ವಿಚ್ ಬಹಳ ಗಾಡಿಗಳಲ್ಲಿ ಎರಡು ಹಿಂದಿನ ಆಕ್ಸಲುಗಳ ನಡುವಿನ ಡಿಫರೆನ್ಶಿಯಲ್‌ಗೆ ಬೀಗ ಹಾಕುತ್ತದೆ, ಒಂದೇ ಆಕ್ಸಲಿನ ಎಡ-ಬಲ ಚಕ್ರಗಳಿಗಲ್ಲ. ಅಡ್ಡ ಬೀಗ ಬೇರೆಯೇ ಸ್ವಿಚ್ಚಿನಲ್ಲಿರುತ್ತದೆ, ಎಲ್ಲ ಟಿಪ್ಪರುಗಳಲ್ಲೂ ಅದು ಇರುವುದಿಲ್ಲ.

ಗುಜರಿ_ಗಿರಾಕಿ

ಡಿಫರೆನ್ಶಿಯಲ್‌ನೊಳಗಿನ ಸಣ್ಣ ಸ್ಟಾರ್ ಪಿನಿಯನ್‌ಗಳನ್ನು ವೆಲ್ಡ್ ಮಾಡಿಸಿದರೆ ಸಾವಿರ ರೂಪಾಯಿಯೊಳಗೆ ಲಾಕರ್ ಸಿದ್ಧವಾಗುತ್ತದೆ ಎಂದು ಯಾರೂ ಹೇಳಲಿಲ್ಲವಲ್ಲ!

ಲೆಕ್ಕದ_ಮೇಷ್ಟ್ರು

ಹೇಳದಿರಲು ಕಾರಣವಿದೆ. ಈ ಗಾಡಿ ತೋಟಕ್ಕೆ ಹೋಗುವುದು ಹೆದ್ದಾರಿಯ ಮೇಲೆ, ಶಿರಾಡಿ ಘಾಟಿಯ ದಿಕ್ಕಿಗೆ. ತಿರುವಿನಲ್ಲಿ ಹೊರ ಚಕ್ರ ಹೆಚ್ಚು ದೂರ ಓಡಲೇಬೇಕು. ವೆಲ್ಡ್ ಮಾಡಿದ ಆಕ್ಸಲಿನಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ ಒಂದು ಟಯರು ಉಜ್ಜಿಕೊಂಡು ಜಾರಬೇಕು ಅಥವಾ ಶಾಫ್ಟು ತಿರುಚಬೇಕು. ಮಳೆ ಬಿದ್ದ ಟಾರಿನ ಮೇಲೆ ಹಿಂಭಾಗ ಪಕ್ಕಕ್ಕೆ ಸರಿದರೆ ಆ ಸಾವಿರ ರೂಪಾಯಿಯ ಉಳಿತಾಯಕ್ಕೆ ಅರ್ಥವಿರುವುದಿಲ್ಲ. ವೆಲ್ಡಿಂಗ್ ಬಿಸಿಗೆ ಗೇರಿನ ಗಡಸು ಮೇಲ್ಪದರ ಹಾಳಾಗಿ ಬಿರುಕು ಬಿಟ್ಟರೆ ಆ ಚೂರು ಹೋಗಿ ಬೀಳುವುದು ಕ್ರೌನಿನ ಹಲ್ಲಿಗೆ.

ಜಾಲಹಳ್ಳಿ_ನಿವೃತ್ತ

ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ಗೇರ್ ತಪಾಸಣೆಯ ಕೆಲಸ ಮಾಡಿದವನಾಗಿ ಕೆಲವು ಮಾತು ಹೇಳಬೇಕಾಗಿದೆ. ಇಲ್ಲಿ ಎಲ್ಲರೂ ಭಾಗಗಳ ಬಗ್ಗೆ ಮಾತನಾಡುತ್ತಿದ್ದಾರೆ, ಜೋಡಣೆಯ ಬಗ್ಗೆ ಒಬ್ಬರೂ ಇಲ್ಲ.

ಕ್ರೌನ್ ಮತ್ತು ಟೇಲ್ ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದರ ಮೇಲೊಂದು ಓಡಿಸಿ, ನುಣ್ಣಗೆ ಉಜ್ಜಿ, ಜೋಡಿಯಾಗಿ ಹೊರಗೆ ಕಳುಹಿಸುತ್ತಾರೆ. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿರುತ್ತದೆ. ಗುಜರಿಯಿಂದ ಕ್ರೌನ್ ಒಂದು ಕಡೆ, ಪಿನಿಯನ್ ಇನ್ನೊಂದು ಕಡೆ ಆರಿಸಿ ತಂದವರಿಗೆ, ಹಲ್ಲಿನ ಎಣಿಕೆ ಸರಿಯಾಗಿದ್ದರೂ, ಗಾಡಿ ಕೂಗುವ ಸದ್ದು ಮಾತ್ರ ಖಂಡಿತ. ಲ್ಯಾಪಿಂಗ್ ಪೇಸ್ಟ್ ಹಚ್ಚಿ ನಾವೇ ಓಡಿಸಿ ಸರಿಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ಆ ಪೇಸ್ಟಿನ ಕಣಗಳು ಬೇರಿಂಗಿಗೆ ಸೇರುತ್ತವೆ, ಹಲ್ಲಿನ ಆಕಾರವೂ ಕೆಡುತ್ತದೆ.

ಈಗಿರುವ ಜೋಡಿಯನ್ನೇ ಉಳಿಸಿಕೊಂಡು ಕೇಜ್ ಮಾತ್ರ ಬದಲಿಸುವುದಾದರೆ ಪಿನಿಯನ್ನನ್ನು ಅಲುಗಿಸಬೇಡಿ, ಅದರ ಆಳ ಸರಿಯಾಗಿಯೇ ಇರುತ್ತದೆ. ಆದರೆ ಹೊಸ ಕೇಜ್ ಬಂತೆಂದರೆ ಪಕ್ಕದ ಬೇರಿಂಗಿನ ಶಿಮ್‌ಗಳನ್ನು ಹೊಸದಾಗಿಯೇ ಲೆಕ್ಕ ಹಾಕಬೇಕು. ಹಳೆಯ ಶಿಮ್‌ಗಳನ್ನು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಹಾಕಿದರೆ ಹತ್ತಿರಕ್ಕೆ ಬರಬಹುದು, ಅಷ್ಟೇ. ಕ್ರೌನಿನ ಹಲ್ಲಿಗೆ ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್, ಅಂದರೆ ಎರಡರ ಹಲ್ಲುಗಳ ನಡುವಿನ ಸಡಿಲ, ಅಳೆಯಬೇಕು. ಈ ಗಾತ್ರದ ಆಕ್ಸಲಿಗೆ 0.15ರಿಂದ 0.25 ಮಿ.ಮೀ. ಸಾಮಾನ್ಯವಾಗಿ ಒಪ್ಪುವ ಅಳತೆ. ಒಂದೇ ಕಡೆ ಅಳೆದರೆ ಸಾಲದು. ಸುತ್ತಲೂ ನಾಲ್ಕು ಕಡೆ ಅಳೆದು ಒಂದಕ್ಕೊಂದು ಹತ್ತಿರವಿದೆಯೇ ನೋಡಬೇಕು, ಇಲ್ಲದಿದ್ದರೆ ಕ್ರೌನಿನ ಅಡಿಯಲ್ಲಿ ಬರ್ (ಲೋಹದ ಮುಳ್ಳು) ಅಥವಾ ಕೊಳೆ ಸಿಕ್ಕಿಕೊಂಡಿದೆ ಎಂದರ್ಥ.

ಬಳಿಕ ಹಲ್ಲಿಗೆ ಪ್ರಷ್ಯನ್ ಬ್ಲೂ ಹಚ್ಚಿ, ಚಕ್ರಕ್ಕೆ ಸ್ವಲ್ಪ ತಡೆ ಕೊಟ್ಟು ತಿರುಗಿಸಿ ಗುರುತು ನೋಡಬೇಕು. ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ತುದಿಗೆ ಏರಿದ್ದರೆ ಹೆಚ್ಚು ಹೊರಗಿದೆ. ಹಳೆಯ ಜೋಡಿಯಲ್ಲಿ ಗುರುತು ಪಠ್ಯಪುಸ್ತಕದ ಚಿತ್ರದಂತೆ ಬರುವುದಿಲ್ಲ, ಮೊದಲಿನ ಸವೆತದ ಜಾಗದಲ್ಲೇ ಬಂದರೆ ಸಾಕು. ಬೋಲ್ಟುಗಳನ್ನು ಹೊಸದಾಗಿ ಹಾಕಿ, ಎಳೆಗಳನ್ನು ಎಣ್ಣೆಯಿಲ್ಲದಂತೆ ಒರೆಸಿ ಲಾಕಿಂಗ್ ದ್ರವ ಹಚ್ಚಿ, ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಬಿಗಿಯಿರಿ. ಕೈಯಂದಾಜು ಇಲ್ಲಿ ನಡೆಯದು.

ಕಲಾಸಿಪಾಳ್ಯ_ಸ್ಪೇರ್ಸ್

ಡಯಲ್ ಗೇಜ್ ಇಲ್ಲದೆ, ಕೈಯಲ್ಲಿ ಅಲುಗಿಸಿಯೇ ಬ್ಯಾಕ್‌ಲ್ಯಾಶ್ ಹೇಳುವ ಮೇಸ್ತ್ರಿಗಳು ನಮ್ಮಲ್ಲಿ ಇದ್ದರು, ಅವರು ಕಟ್ಟಿದ ಆಕ್ಸಲುಗಳು ಲಕ್ಷ ಕಿಲೋಮೀಟರ್ ಓಡಿವೆ.

ಜಾಲಹಳ್ಳಿ_ನಿವೃತ್ತ

ಅವರ ಕೈಗೆ ನಮಸ್ಕಾರ. ಈಗ ಆ ಕೈಗಳು ಸಿಗುವುದು ಅಪರೂಪ, ಡಯಲ್ ಗೇಜ್ ಎಸ್.ಜೆ.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ.

ತೋಟದ_ಜೀಪು

ನಮ್ಮ ಕಡೆಯ ಜೀಪುಗಳಲ್ಲಿ ನೋಡಿದ್ದನ್ನು ಹೇಳುತ್ತೇನೆ, ಏಕೆಂದರೆ ಮೊದಲ ಲೇಖಕರು ಬರುವುದು ನಮ್ಮ ಊರಿನ ಕೆಸರಿಗೆ. ಲಾಕರ್ ಇಲ್ಲದ ಡಿಫರೆನ್ಶಿಯಲ್ ಎರಡೂ ಶಾಫ್ಟುಗಳಿಗೆ ಸಮನಾದ ತಿರುಚುಬಲ ಕೊಡುತ್ತದೆ. ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುವುದರಿಂದ ಗಾಡಿ ನಿಲ್ಲುತ್ತದೆ, ಆದರೆ ಏನೂ ಮುರಿಯುವುದಿಲ್ಲ. ಲಾಕರ್ ಹಾಕಿದ ಮೇಲೆ ಹಿಡಿತವಿರುವ ಒಂದೇ ಚಕ್ರದ ಶಾಫ್ಟು ಇಡೀ ಆಕ್ಸಲಿನ ಬಲವನ್ನು ಹೊರಬೇಕಾಗಬಹುದು. ಹಳೆಯ ಜೀಪುಗಳಲ್ಲಿ ಶಾಫ್ಟಿನ ತುದಿ ಮೊನಚಾಗಿದ್ದು, ಅದರ ಮೇಲೆ ಹಬ್ ಕೂತು, ನಡುವೆ ಒಂದು ಕೀ ಇರುತ್ತದೆ. ಮೊದಲು ಕತ್ತರಿಸಿ ಹೋಗುವುದು ಆ ಕೀ, ಅದು ಹೋದ ಮೇಲೆ ಹಬ್ಬಿನೊಳಗೆ ಶಾಫ್ಟು ಸುಮ್ಮನೆ ತಿರುಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಅಮೆರಿಕದ ಲಾಕರ್ ಪೆಟ್ಟಿಗೆಯ ಮೇಲೆ ಅದನ್ನು ಬರೆದಿರುವುದಿಲ್ಲ. ಇಂತಹ ಮೊನಚು ಶಾಫ್ಟಿನ ಆಕ್ಸಲುಗಳಲ್ಲಿ ಎರಡೂ ಶಾಫ್ಟುಗಳ ಒಳತುದಿಗಳ ನಡುವೆ, ಡಿಫರೆನ್ಶಿಯಲ್‌ನ ನಟ್ಟನಡುವೆ, ಒಂದು ಥ್ರಸ್ಟ್ ಬ್ಲಾಕ್ ಕೂತಿರುತ್ತದೆ. ತಿರುವಿನಲ್ಲಿ ಬರುವ ಪಕ್ಕದ ಒತ್ತಡವನ್ನು ಒಂದು ಶಾಫ್ಟಿನಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ಹಾಕುವ ಲಾಕರಿನ ನಡುವೆ ಈ ಬ್ಲಾಕಿಗೆ ಜಾಗವಿಲ್ಲದಿದ್ದರೆ ಶಾಫ್ಟಿನ ಎಂಡ್ ಪ್ಲೇ (ಉದ್ದಕ್ಕೆ ಅಲುಗುವ ಸಡಿಲ) ಹೊಂದಿಸಲು ಆಗುವುದೇ ಇಲ್ಲ, ಚಕ್ರದ ಬೇರಿಂಗ್ ಸಾಯುತ್ತದೆ. ಹೌಸಿಂಗಿನ ಮುಚ್ಚಳ ತೆಗೆದು, ಕ್ರಾಸ್ ಶಾಫ್ಟಿನ ಹತ್ತಿರ ಟಾರ್ಚ್ ಬಿಟ್ಟು ನೋಡಿ.

ಪೀಣ್ಯ_ಗೇರು

ಇದು ಬಹಳ ಮುಖ್ಯವಾದ ಮಾತು. ಇದನ್ನು ತಿಳಿಯದೆ ಪೂರ್ಣ ಕೇಜಿನ ಲಾಕರ್ ತರಿಸಿ ಕಪಾಟಿನಲ್ಲಿಟ್ಟವರು ಇದ್ದಾರೆ. ಬಸವನಗುಡಿಯವರೇ, ಇನ್ನು ಊಹೆ ಸಾಕು. ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಒಂದು ಕಡೆಯ ಶಾಫ್ಟು ಎಳೆದು, ಸ್ಪ್ಲೈನ್ ಎಣಿಸಿ. ಬೇರಿಂಗಿನ ಮೇಲಿರುವ ಸಂಖ್ಯೆಯನ್ನೂ ಬರೆದುಕೊಂಡು ಲಾಕರಿನ ಬೇರಿಂಗಿನ ಸಂಖ್ಯೆಯೊಡನೆ ಹೋಲಿಸಿ. ಸಾಧ್ಯವಾದರೆ ಬೇರಿಂಗ್ ಕೂರುವ ಭುಜದಿಂದ ಕ್ರೌನ್ ಕೂರುವ ಮುಖದವರೆಗಿನ ದೂರವನ್ನು ಎರಡು ಕೇಜುಗಳಲ್ಲೂ ವರ್ನಿಯರ್‌ನಿಂದ ಅಳೆಯಿರಿ.

ಬಸವನಗುಡಿ_ಪಿಕಪ್

ಎಲ್ಲರಿಗೂ ಧನ್ಯವಾದ. ಶನಿವಾರ ಮುಚ್ಚಳ ತೆಗೆಸಿದೆ. ಶಾಫ್ಟಿನಲ್ಲಿ 19 ಸ್ಪ್ಲೈನ್ ಇವೆ, ತುದಿ ಮೊನಚಾಗಿದೆ, ನಡುವೆ ಥ್ರಸ್ಟ್ ಬ್ಲಾಕ್ ಇದೆ. ಎರಡು ಕೇಜುಗಳ ಮುಖದ ದೂರದಲ್ಲಿರುವ ವ್ಯತ್ಯಾಸ ವರ್ನಿಯರ್ ಬೇಡದೆ ಕಣ್ಣಿಗೇ ಕಾಣುತ್ತದೆ. ಕ್ರೌನ್ ಮತ್ತು ಪಿನಿಯನ್‌ನ ಜೋಡಿ ಸಂಖ್ಯೆ ಒಂದೇ ಇದೆ, ಹಲ್ಲುಗಳಲ್ಲಿ ಚೂರು ಹಾರಿಲ್ಲ. ಹಾಗಾಗಿ ಈ ಜೋಡಿಯನ್ನೂ 5.38ನ್ನೂ ಉಳಿಸಿಕೊಳ್ಳುವುದೆಂದು ನಿರ್ಧರಿಸಿದೆ. ಮುಂದಿನ ಆಕ್ಸಲನ್ನು ಮುಟ್ಟುವ ಮನಸ್ಸಿಲ್ಲ. ಈಗಿರುವ ಕೇಜನ್ನೇ ಇಟ್ಟುಕೊಂಡು ಹಾಕಬಹುದಾದ ಲಾಕರ್ ಇದೆಯೇ?

ಪೀಣ್ಯ_ಗೇರು

ಇದೆ. ಕೇಜಿನೊಳಗಿನ, ಶಾಫ್ಟಿನ ತುದಿ ಕೂರುವ ಸನ್ ಗೇರು ಮತ್ತು ಸ್ಟಾರ್ ಪಿನಿಯನ್‌ಗಳನ್ನು ಮಾತ್ರ ತೆಗೆದು ಅವುಗಳ ಜಾಗದಲ್ಲಿ ಹಲ್ಲುಬಿಲ್ಲೆಗಳನ್ನು ಕೂರಿಸುವ ಬಗೆಯ ಲಾಕರ್ ನೋಡಿ. ಅಮೆರಿಕದವರು ಅದನ್ನು ಲಂಚ್‌ಬಾಕ್ಸ್ ಲಾಕರ್ ಎನ್ನುತ್ತಾರೆ. ಕೇಜ್ ಹಳೆಯದೇ, ಕ್ರೌನ್ ಹಳೆಯದೇ, ಶಿಮ್ ಹಳೆಯದೇ. ಆದ್ದರಿಂದ 3.73ರ ಗೆರೆಯ ಪ್ರಶ್ನೆಯೂ ಇಲ್ಲ, ಬ್ಯಾಕ್‌ಲ್ಯಾಶ್ ಬದಲಾಗುವ ಪ್ರಶ್ನೆಯೂ ಇಲ್ಲ. ನೀವು ಹೊಂದಿಸಬೇಕಾದದ್ದು ಎರಡು: 19 ಸ್ಪ್ಲೈನಿನದೇ ಆಗಿರಬೇಕು, ಥ್ರಸ್ಟ್ ಬ್ಲಾಕಿಗೆ ಜಾಗವಿದೆಯೆಂದು ತಯಾರಕರು ಬರೆದು ತಿಳಿಸಿರಬೇಕು. ಹಳೆಯ ಕೇಜಿನಲ್ಲಿ ಸನ್ ಗೇರು ಉಜ್ಜುವ ಮುಖ ಸವೆದಿದ್ದರೆ ಒಳಗಿನ ಸಂದು ತಯಾರಕರ ಅಳತೆಗೆ ಬರುವುದಿಲ್ಲ, ಅದನ್ನು ಫೀಲರ್ ಗೇಜಿನಿಂದ ಮೊದಲೇ ನೋಡಿ.

ನೆಲಮಂಗಲ_ಥಾರ್

ಅದು ತಾನಾಗಿಯೇ ಹಿಡಿದುಬಿಡುವ ಲಾಕರ್ ಅಲ್ಲವೇ? ಬೆಂಗಳೂರಿನ ಯೂ-ಟರ್ನ್‌ಗಳಲ್ಲಿ ಸದ್ದು ಮಾಡುವುದಿಲ್ಲವೇ?

ತೋಟದ_ಜೀಪು

ಮಾಡುತ್ತದೆ. ಸ್ವಭಾವತಃ ಬೀಗ ಹಾಕಿಯೇ ಇರುತ್ತದೆ, ತಿರುವಿನಲ್ಲಿ ಹೊರ ಚಕ್ರ ಮುಂದೋಡಿದಾಗ ಹಲ್ಲು ಜಾರಿಸಿ ಬಿಟ್ಟುಕೊಡುತ್ತದೆ. ಟಕ್ ಟಕ್ ಎಂಬ ಸದ್ದು ಕೇಳಿ ಗಾಡಿ ಹಾಳಾಯಿತೆಂದು ತಿಳಿಯಬಾರದು. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಹಿಂಭಾಗ ತಳ್ಳಿದಂತಾಗುತ್ತದೆ. ಮಳೆಯಲ್ಲಿ ಆ ಚಾಳಿ ಬಿಡಬೇಕು.

ಕೆಸರುಪ್ರಿಯ

ಬಸವನಗುಡಿಯವರೇ, ಆ ಏರ್ ಲಾಕರನ್ನು ಗುಜರಿಗೆ ಹಾಕಬೇಡಿ. 30 ಸ್ಪ್ಲೈನಿನ, 3.73ರ ಡಾನಾ 44 ಇರುವ ಆಮದು ಗಾಡಿಯವರು ಈ ಊರಿನಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಮಾರುವ ಮೊದಲು ಗಾಳಿ ತುಂಬಿ ಓ-ರಿಂಗ್ ಸೋರುತ್ತದೆಯೇ ಎಂದು ನೋಡಿ, ಸೋರುವುದಾದರೆ ಅದನ್ನು ಹೇಳಿಯೇ ಮಾರಿ.

ಬಸವನಗುಡಿ_ಪಿಕಪ್

ಹಾಗೆಯೇ ಮಾಡುತ್ತೇನೆ. ಕೊನೆಯ ಪ್ರಶ್ನೆ: ಹಬ್ಬಿನ ಕೀ ಮತ್ತು ಎಣ್ಣೆಯ ವಿಷಯದಲ್ಲಿ ಏನು ಮಾಡಲಿ?

ತೋಟದ_ಜೀಪು

ಎರಡೂ ಕೀಗಳನ್ನು ಹೊಸದಾಗಿ ಹಾಕಿಸಿ, ಶಾಫ್ಟಿನ ಮೊನಚು ಮತ್ತು ಹಬ್ಬಿನ ಒಳಮುಖದಲ್ಲಿ ಗೀರು ಬಿದ್ದಿದ್ದರೆ ಹಬ್ಬನ್ನೂ ಬದಲಿಸಿ. ನಟ್ಟನ್ನು ಪೂರ್ಣ ಟಾರ್ಕಿಗೆ ಬಿಗಿದು, ಭಾರ ಹೊತ್ತು ಒಮ್ಮೆ ಓಡಿಸಿದ ಮೇಲೆ ಮತ್ತೆ ಬಿಗಿಸಿ.

ಜಾಲಹಳ್ಳಿ_ನಿವೃತ್ತ

ಎಣ್ಣೆ ಜಿಎಲ್-5 ದರ್ಜೆಯ ಹೈಪಾಯ್ಡ್ ಗೇರ್ ಆಯಿಲ್ ಆಗಿರಲಿ. ನಿಮ್ಮ ಭಾರಕ್ಕೂ ಏರಿಗೂ 85ಡಬ್ಲ್ಯು-140 ಒಗ್ಗುತ್ತದೆ. ಲಿಮಿಟೆಡ್ ಸ್ಲಿಪ್‌ಗೆ ಬೆರೆಸುವ ಘರ್ಷಣೆ ತಗ್ಗಿಸುವ ದ್ರವ ಇದಕ್ಕೆ ಬೇಡ, ಇದರಲ್ಲಿ ಕ್ಲಚ್ ತಟ್ಟೆಗಳಿಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಎಣ್ಣೆ ಇಳಿಸಿ ಆಯಸ್ಕಾಂತಕ್ಕೆ ಹತ್ತಿದ ಪುಡಿಯನ್ನು ನೋಡಿ: ಬೂದು ಹಿಟ್ಟಿನಂತಿದ್ದರೆ ಸರಿ, ಚೂರುಗಳಿದ್ದರೆ ಮುಚ್ಚಳ ತೆಗೆಯಿರಿ. ಆಕ್ಸಲಿನ ಬ್ರೀದರ್ (ಗಾಳಿಕಿಂಡಿ) ಮಣ್ಣು ಕಟ್ಟಿಕೊಂಡಿದ್ದರೆ ಅದನ್ನೂ ಈಗಲೇ ಬಿಡಿಸಿಬಿಡಿ, ಇಲ್ಲದಿದ್ದರೆ ಬಿಸಿಯಾದ ಎಣ್ಣೆ ಸೀಲು ದಾಟಿ ಬ್ರೇಕ್ ಡ್ರಮ್ಮಿಗೆ ಬರುತ್ತದೆ.